ಗುರುವೇ ಶಿಷ್ಯರ ಕಾಲು ತೊಳೆದರೆ: ಕ್ರೈಸ್ತರ ಶಿಷ್ಯತ್ವ, ದೀನತೆ, ಸಮರ್ಪಣೆ ಅಂದರೇನು?

ಮಾರ್ಚ್ ಮುಗಿಯುತ್ತಾ ಬಂತೆಂದರೆ ಚಿಕ್ಕಮಗಳೂರಿನ ಕಡೆ ಎಲ್ಲರ ಕಣ್ಣೂ ಆಕಾಶದ ಮೇಲೆ. ಕಾಫಿ ಅರಳಿಸುವ ಹೂಮಳೆ ಬಂತಾ, ಎಷ್ಟು ಸೆಂಟ್ಸ್ ಬಿತ್ತು, ಪಕ್ಕದ ತೋಟಕ್ಕೆ ಬಿದ್ದದ್ದು ನಮಗ್ಯಾಕೆ ಬೀಳಲಿಲ್ಲ ಅನ್ನುವುದೇ ಮಾತು. ಸುಮಾರು ಇದೇ ಹೊತ್ತಿಗೆ ಕ್ರೈಸ್ತರ ತಪಸ್ಸುಕಾಲವೂ ನಡೆಯುತ್ತಿರುತ್ತದೆ. ಆಫೀಸಿನಲ್ಲಿ ಜೊತೆಗೆ ಊಟಕ್ಕೆ ಕೂರುವವರ ಡಬ್ಬಿಯಿಂದ ಕೋಳಿ ಮಾಯವಾಗುತ್ತದೆ. ಕೇಳಿದರೆ "ಈಸ್ಟರ್ ಆಗೋವರೆಗೂ ಇಲ್ಲ" ಅನ್ನುತ್ತಾರೆ. ಅಷ್ಟಕ್ಕೇ ನಮ್ಮ ತಿಳಿವಳಿಕೆ ನಿಲ್ಲುತ್ತದೆ.

ನನ್ನದೂ ಅಲ್ಲಿಗೇ ನಿಂತಿತ್ತು. ಒಂದು ವರ್ಷ ಪಕ್ಕದ ಮನೆಯ ಅಂಕಲ್ ಕರೆದರು. ಎಸ್ಟೇಟಿನಲ್ಲಿ ರೈಟರ್ ಆಗಿದ್ದು ರಿಟೈರ್ ಆದವರು. "ಗುರುವಾರ ಸಂಜೆ ಚರ್ಚಿಗೆ ಬನ್ನಿ. ಫಾದರ್ ನನ್ನ ಕಾಲು ತೊಳೀತಾರೆ" ಅಂದರು. ತಮಾಷೆ ಅಂದುಕೊಂಡೆ. ಗುರುವಾರ ಮಧ್ಯಾಹ್ನ ನೋಡಿದರೆ ಬಚ್ಚಲ ಕಲ್ಲಿನ ಮೇಲೆ ಕೂತು ಹಿಮ್ಮಡಿ ಉಜ್ಜುತ್ತಿದ್ದಾರೆ. "ಏನ್ ಅಂಕಲ್, ತೊಳೆಯೋದು ಫಾದರ್ ಅಲ್ವಾ?" ಅಂದೆ. "ಅವರ ಮುಂದೆ ಕೊಳೆ ಕಾಲು ಚಾಚೋಕಾಗುತ್ತಾ?" ಅಂದರು.

ಕ್ರೈಸ್ತ ಧರ್ಮದ ಮೂರು ದೊಡ್ಡ ಮಾತುಗಳು, ಅಂದರೆ ಶಿಷ್ಯತ್ವ, ದೀನತೆ ಮತ್ತು ದೇವರಿಗೆ ಸಮರ್ಪಣೆ, ಈ ಕಾಲು ತೊಳೆಯುವ ವಿಧಿಯೊಳಗೇ ಇವೆ. ಕಾನ್ವೆಂಟ್ ಶಾಲೆ, ಮಿಷನ್ ಆಸ್ಪತ್ರೆ, ಗೊರೂರು ಹಿನ್ನೀರಿನಲ್ಲಿ ಮುಳುಗಿ ಏಳುವ ಶೆಟ್ಟಿಹಳ್ಳಿ ಚರ್ಚಿನ ಫೋಟೋ, ಇಷ್ಟರಲ್ಲೇ ಕ್ರೈಸ್ತರನ್ನು ಬಲ್ಲ ನನ್ನಂಥವರಿಗಾಗಿ ಈ ಲೇಖನ.

ಮೊದಲು ಒಂದೆರಡು ಪದ

ನಮ್ಮ ಕಡೆ ಕ್ರೈಸ್ತರೆಂದರೆ ಒಂದೇ ಗುಂಪಲ್ಲ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಕಥೋಲಿಕರು ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವರು. ಅದು ಶುರುವಾದದ್ದು 1963ರಲ್ಲಿ. ಪ್ರೊಟೆಸ್ಟೆಂಟರಲ್ಲಿ ಸಿಎಸ್ಐ, ಅಂದರೆ ದಕ್ಷಿಣ ಭಾರತ ಸಭೆಯವರಿದ್ದಾರೆ. ಹಲವು ಪಂಗಡಗಳು ಸೇರಿ 1947ರಲ್ಲಿ ಆದ ಸಭೆ ಅದು. ಇವರಲ್ಲದೆ ಪೆಂತೆಕೋಸ್ತ್ ಸಭೆಗಳೂ ಇವೆ. ಕನ್ನಡವೂ ಸ್ವಲ್ಪ ಬೇರೆ ಬೇರೆ. ಯೇಸುವಿನ ಕಥೆ ಹೇಳುವ ಬೈಬಲಿನ ಪುಸ್ತಕಗಳು ಒಬ್ಬರಿಗೆ ಶುಭಸಂದೇಶ, ಇನ್ನೊಬ್ಬರಿಗೆ ಸುವಾರ್ತೆ. ಒಬ್ಬರಿಗೆ ಫಾದರ್, ಇನ್ನೊಬ್ಬರಿಗೆ ಪಾಸ್ಟರ್ ಅಥವಾ ಸಭಾಪಾಲಕರು. ಎರಡರ ಅರ್ಥವೂ ಒಂದೇ ಕಡೆ ಹೋಗುವುದರಿಂದ ತಲೆ ಕೆಡಿಸಿಕೊಳ್ಳಬೇಕಿಲ್ಲ.

ತಪಸ್ಸುಕಾಲ 40 ದಿನದ್ದು. ವಿಭೂತಿ ಬುಧವಾರದಿಂದ ಈಸ್ಟರಿನ ಹಿಂದಿನ ದಿನದವರೆಗೆ ಎಣಿಸಿದರೆ 46 ದಿನ ಬರುತ್ತದೆ. ಭಾನುವಾರ ಉಪವಾಸದ ದಿನವಲ್ಲ, ಆ 6 ಭಾನುವಾರ ಕಳೆದರೆ ಲೆಕ್ಕ ಸರಿಹೋಯಿತು. ಕೊನೆಯ ವಾರ ಪವಿತ್ರ ವಾರ. ಅದರಲ್ಲಿ ಗುರುವಾರ ಸಂಜೆ ಕಾಲು ತೊಳೆಯುವ ವಿಧಿ, ಶುಕ್ರವಾರ ಯೇಸು ಶಿಲುಬೆಯಲ್ಲಿ ಸತ್ತ ನೆನಪು, ಭಾನುವಾರ ಈಸ್ಟರ್.

ಶಿಷ್ಯ ಅಂದರೆ ಬೇಕರಿಗೆ ಸೇರಿದ ಹುಡುಗ

ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆ ಮೊದಲು ಬರೆದದ್ದು ಗ್ರೀಕ್ ಭಾಷೆಯಲ್ಲಿ. ಅಲ್ಲಿ ಶಿಷ್ಯನಿಗೆ ಇರುವ ಪದ 'ಮಥೇತೇಸ್'. ಕಲಿಯುವವನು ಅಂತ ಅರ್ಥ. ಸುಮಾರು 260 ಸಲ ಆ ಪದ ಬರುತ್ತದೆ. ಅದೇ 'ಕ್ರೈಸ್ತ' ಅನ್ನುವ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರುವುದು ಬರೀ 3 ಸಲ! ಅಂತಿಯೋಕ್ಯ ಅನ್ನುವ ಊರಿನಲ್ಲಿ, ಅದು ಈಗ ಟರ್ಕಿಯಲ್ಲಿದೆ, ಶಿಷ್ಯರಿಗೆ ಮೊದಲ ಸಲ ಈ ಹೆಸರು ಬಿತ್ತು ಅಂತ ಅಲ್ಲೇ ಬರೆದಿದೆ. ಅಂದರೆ ಮೊದಲಿದ್ದದ್ದು ಕಲಿಯುವವರ ಗುಂಪು. ಧರ್ಮದ ಹೆಸರು ಆಮೇಲಿನದು.

ಆದರೆ ಕಲಿಯುವುದು ಅಂದರೆ ಕ್ಲಾಸಿನಲ್ಲಿ ಕೂತು ನೋಟ್ಸ್ ಬರೆಯುವುದಲ್ಲ. ಹಾಸನದ ಕಡೆಯ ಎಷ್ಟೋ ಹುಡುಗರು ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳಿಗೆ ಕೆಲಸ ಕಲಿಯಲು ಹೋದವರು. ಅಲ್ಲಿ ಯಾರೂ ಪುಸ್ತಕ ಕೊಡುವುದಿಲ್ಲ. ಮೊದಲು ಟ್ರೇ ಒರೆಸು, ಹಿಟ್ಟಿನ ಮೂಟೆ ಇಳಿಸು. ಯಜಮಾನರು ನಾದುವಾಗ ಪಕ್ಕದಲ್ಲಿ ನಿಂತು ಅವರ ಕೈ ನೋಡು. ಒಲೆಯ ಬಾಯಿಗೆ ಅವರು ಕೈ ಹಿಡಿದು ಬಿಸಿ ನೋಡುವುದನ್ನು ನೋಡಿ ನೀನೂ ಹಿಡಿ. ಅವರ ಜೊತೆಗೇ ಊಟ, ಅಲ್ಲೇ ನಿದ್ದೆ. ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಆ ಹುಡುಗ ಮಾಡಿದ ಬನ್ನಿಗೆ ಯಜಮಾನರ ಬನ್ನಿನ ರುಚಿಯೇ ಬಂದಿರುತ್ತದೆ. ಪೂರ್ತಿ ಕಲಿತ ಶಿಷ್ಯ ತನ್ನ ಗುರುವಿನ ಹಾಗೆ ಆಗುತ್ತಾನೆ ಅಂತ ಯೇಸು ಹೇಳಿದ್ದು ಲೂಕನ ಸುವಾರ್ತೆಯಲ್ಲಿದೆ. ಶಿಷ್ಯತ್ವದ ಗುರಿ ಅದೇ, ಗುರುವಿನ ಕೈಗುಣ ಹಿಡಿಯುವುದು.

ಒಂದು ವ್ಯತ್ಯಾಸ ಗಮನಿಸಬೇಕು. ಆ ಕಾಲದ ಯೆಹೂದಿಗಳಲ್ಲಿ ಶಿಷ್ಯನೇ ಒಳ್ಳೆಯ ಗುರುವನ್ನು ಹುಡುಕಿಕೊಂಡು ಹೋಗುವುದು ರೂಢಿ. ಇಲ್ಲಿ ಗುರುವೇ ಹುಡುಕಿಕೊಂಡು ಬಂದ. ಅದೂ ಎಲ್ಲಿಗೆ? ಸೀಮೋನ (ಮುಂದೆ ಪೇತ್ರ ಅಂತ ಹೆಸರಾದವನು), ಅಂದ್ರೆಯ ಅನ್ನುವ ಅಣ್ಣತಮ್ಮಂದಿರು ಕೆರೆಗೆ ಬಲೆ ಬೀಸುತ್ತಿದ್ದ ಜಾಗಕ್ಕೆ. ಮತ್ತಾಯ ಅನ್ನುವವನು ಸುಂಕದ ಕಟ್ಟೆಯಲ್ಲಿ ಕೂತಿದ್ದ. ಸುಂಕ ಹೋಗುತ್ತಿದ್ದದ್ದು ರೋಮನ್ನರ ಕೈಕೆಳಗಿನ ಆಳ್ವಿಕೆಗೆ, ಹಾಗಾಗಿ ಊರಿನವರು ಅವನನ್ನು ಪಂಕ್ತಿಗೂ ಸೇರಿಸುತ್ತಿರಲಿಲ್ಲ. ಯೇಸು ಆರಿಸಿಕೊಂಡ ಹನ್ನೆರಡು ಜನ ಶಿಷ್ಯರಲ್ಲಿ ಇನ್ನೊಬ್ಬ ಸೀಮೋನ ಇದ್ದ. ಅವನಿಗಿದ್ದ ಅಡ್ಡಹೆಸರು 'ಮತಾಭಿಮಾನಿ'. ರೋಮನ್ನರನ್ನು ಕಂಡರಾಗದ ಪಂಗಡದವನು ಅಂತ ಹಲವರು ಅದಕ್ಕೆ ಅರ್ಥ ಹೇಳುತ್ತಾರೆ. ಇವರಿಬ್ಬರನ್ನೂ ಒಂದೇ ಊಟಕ್ಕೆ ಕೂರಿಸಿದರೆ ಹೇಗಿರಬಹುದು ಯೋಚಿಸಿ! ಹೆಂಗಸರೂ ಇದ್ದರು. ಮಗ್ದಲದ ಮರಿಯ, ಯೊಹಾನ್ನ, ಸುಸನ್ನ ತಮ್ಮ ಕೈಯಿಂದಲೇ ಖರ್ಚು ನೋಡಿಕೊಂಡು ಜೊತೆಗೆ ಓಡಾಡಿದರು ಅಂತ ಲೂಕ ಹೆಸರು ಸಮೇತ ಬರೆದಿದ್ದಾನೆ.

ಲಿಂಟಲ್‌ಗೆ ನಿಂತ ಮನೆ

ಸುಮ್ನೆ ಹಿಂದೆ ಬಂದವರನ್ನೆಲ್ಲ ಯೇಸು ಸೇರಿಸಿಕೊಳ್ಳಲಿಲ್ಲ. ಮೊದಲು ಲೆಕ್ಕ ಹಾಕಿ ಅಂದ. ಗೋಪುರ ಕಟ್ಟಲು ಹೊರಟವನು ಮೊದಲು ಕೂತು ಖರ್ಚಿನ ಲೆಕ್ಕ ನೋಡದಿದ್ದರೆ, ಅಡಿಪಾಯಕ್ಕೇ ದುಡ್ಡು ಮುಗಿದು ಊರವರ ಬಾಯಿಗೆ ಬೀಳುತ್ತಾನೆ ಅನ್ನುವುದು ಅವನು ಕೊಟ್ಟ ಉದಾಹರಣೆ. ನಮ್ಮ ಬಡಾವಣೆಗಳಲ್ಲಿ ಲಿಂಟಲ್‌ವರೆಗೆ ಬಂದು ವರ್ಷಗಟ್ಟಲೆ ನಿಂತ ಮನೆಗಳಿಲ್ವಾ, ಕಬ್ಬಿಣದ ಸರಳು ಮೇಲೆ ಚಾಚಿಕೊಂಡು? ಅದೇ ಚಿತ್ರ.

ಖರ್ಚು ಏನು? "ತನ್ನ ಶಿಲುಬೆಯನ್ನು ಹೊತ್ತುಕೊಂಡು ನನ್ನ ಹಿಂದೆ ಬರಲಿ." ಈಗ ಶಿಲುಬೆ ಕೊರಳಿನ ಚಿನ್ನದ ಸರದಲ್ಲಿದೆ. ಆಗ ಅದು ರೋಮನ್ನರು ಜನ ನೋಡಲಿ ಅಂತ ರಸ್ತೆ ಬದಿಯಲ್ಲೇ ಕೊಲ್ಲುತ್ತಿದ್ದ ಸಾಧನ. ಸಾಯುವವನೇ ಅದರ ಅಡ್ಡತೊಲೆ ಹೊತ್ತು ನಡೆಯಬೇಕಿತ್ತು. ಹಾಗಾಗಿ ಸಕ್ಕರೆ ಕಾಯಿಲೆಗೋ ಜಗಳಗಂಟ ಪಕ್ಕದ ಮನೆಯವರಿಗೋ 'ನನ್ನ ಪಾಲಿನ ಶಿಲುಬೆ' ಅನ್ನುವುದು ಈ ಮಾತಿನ ಪೂರ್ತಿ ಅರ್ಥವಲ್ಲ. ತಾನೇ ಆರಿಸಿ ಹೊರುವ ಭಾರ ಅದು. 'ನಾನು ಹೇಳಿದ್ದೇ ನಡೆಯಬೇಕು' ಅನ್ನುವ ನಾನು ಸಾಯಬೇಕು ಅನ್ನುವುದು ಅದರ ಒಳಗಿನ ಮಾತು. ಲೂಕ ಇದಕ್ಕೆ ಒಂದು ಪದ ಜಾಸ್ತಿ ಸೇರಿಸುತ್ತಾನೆ: 'ದಿನಾಲೂ'.

ಬೋಗುಣಿ, ಟವೆಲ್ಲು, ಪೇತ್ರನ ಹಟ

ಈಗ ಆ ಗುರುವಾರಕ್ಕೆ ಬರೋಣ.

ಕಾಲು ತೊಳೆಯುವುದು ನಮಗೆ ಹೊಸದಲ್ಲ. ಮಲೆನಾಡಿನ ಮನೆಗಳಲ್ಲಿ ಬಂದವರಿಗೆ ಮೊದಲು ಕೊಡುವುದೇ ಕಾಲಿಗೆ ಒಂದು ತಂಬಿಗೆ ನೀರು. ಮದುವೆಯಲ್ಲಿ ಮಾವ ಅಳಿಯನ ಕಾಲು ತೊಳೆಯುತ್ತಾರೆ. ಮಠಗಳಲ್ಲಿ ಶಿಷ್ಯರು ಗುರುವಿನ ಪಾದಪೂಜೆ ಮಾಡುತ್ತಾರೆ. ಎಲ್ಲದರಲ್ಲೂ ತೊಳೆಯುವವರು ಒಂದು ಮೆಟ್ಟಿಲು ಕೆಳಗೆ ನಿಂತಿರುತ್ತಾರೆ ಅನ್ನುವುದು ನೆನಪಿರಲಿ.

ಯೇಸುವಿನ ಕಾಲದಲ್ಲಿ ಆ ಮೆಟ್ಟಿಲು ಇನ್ನೂ ಕೆಳಗಿತ್ತು. ಧೂಳಿನ ದಾರಿ, ತೆರೆದ ಚಪ್ಪಲಿ. ಕಾಲು ತೊಳೆಯುವುದು ಗುಲಾಮನ ಕೆಲಸ. ಯೆಹೂದಿ ಗುಲಾಮನಿಗೆ ಆ ಕೆಲಸ ಹೇಳಬಾರದು ಅನ್ನುವ ಮಾತು ಹಳೆಯ ಯೆಹೂದಿ ವ್ಯಾಖ್ಯಾನಗಳಲ್ಲಿದೆ. ಗುಲಾಮ ಯಜಮಾನನಿಗೆ ಮಾಡುವುದನ್ನೆಲ್ಲ ಶಿಷ್ಯ ಗುರುವಿಗೆ ಮಾಡಬೇಕು, ಚಪ್ಪಲಿ ಬಿಚ್ಚುವುದೊಂದನ್ನು ಬಿಟ್ಟು, ಅನ್ನುವ ಮಾತೂ ಅವರಲ್ಲಿ ಉಂಟು. ಅಂದರೆ ಶಿಷ್ಯನೂ ಮಾಡಬೇಕಿಲ್ಲದ ಕೆಲಸ ಅದು.

ಯೋಹಾನನ ಸುವಾರ್ತೆ ಹೇಳುವುದು ಇಷ್ಟು. ಯೇಸು ಹಿಡಿಯಲ್ಪಡುವ ರಾತ್ರಿ. ಎಲ್ಲರೂ ಊಟಕ್ಕೆ ಕೂತಿದ್ದಾರೆ. ಅವನು ಎದ್ದ, ಮೇಲಿನ ಬಟ್ಟೆ ತೆಗೆದಿಟ್ಟ, ಸೊಂಟಕ್ಕೆ ಟವೆಲ್ಲು ಕಟ್ಟಿದ, ಬೋಗುಣಿಗೆ ನೀರು ಹಾಕಿ ಒಬ್ಬೊಬ್ಬರ ಕಾಲನ್ನೂ ತೊಳೆದು ಒರೆಸುತ್ತಾ ಬಂದ. ಸ್ವಲ್ಪ ಹೊತ್ತಿನಲ್ಲೇ ಅವನನ್ನು ಹಿಡಿದುಕೊಡಲು ಎದ್ದು ಹೋಗುವ ಯೂದನೂ ಆ ಸಾಲಿನಲ್ಲಿದ್ದ. ಅವನ ಕಾಲನ್ನು ಬಿಟ್ಟ ಅಂತ ಎಲ್ಲೂ ಇಲ್ಲ.

ಪೇತ್ರನ ಸರದಿ ಬಂದಾಗ ಅವನು ಕಾಲು ಹಿಂದಕ್ಕೆಳೆದುಕೊಂಡ. ನೀನು ನನ್ನ ಕಾಲು ತೊಳೆಯುವುದೇ? ಎಂದಿಗೂ ಆಗದು. ತೊಳೆಯದಿದ್ದರೆ ನನ್ನ ಜೊತೆ ನಿನಗೆ ಪಾಲಿಲ್ಲ ಅಂದ ಯೇಸು. ಹಾಗಾದರೆ ಕಾಲು ಮಾತ್ರ ಯಾಕೆ, ಕೈ, ತಲೆ ಎಲ್ಲವನ್ನೂ ತೊಳೆ ಅಂದ ಪೇತ್ರ. ಈ ಮನುಷ್ಯನಿಗೆ ನಡುವಿನ ದಾರಿ ಅನ್ನುವುದೇ ಗೊತ್ತಿಲ್ಲ.

ಪೇತ್ರ ತೋರಿಸಿದ್ದು ವಿನಯ ತಾನೇ? ನನಗೂ ಹಾಗೇ ಅನಿಸಿತ್ತು, ಆ ಸಂಜೆಯವರೆಗೆ. ಚರ್ಚಿನಲ್ಲಿ ಮುಂದೆ ಹನ್ನೆರಡು ಕುರ್ಚಿ ಹಾಕಿದ್ದರು. ಪೂಜೆಗೆ ಮುಂಚೆ ಎಣಿಸಿದರೆ ಹನ್ನೊಂದೇ ಜನ. ಅಂಕಲ್ ತಿರುಗಿ ಬೆಂಚುಗಳ ಕಡೆ ಕಣ್ಣಾಡಿಸಿದರು. ಅವರ ಕಣ್ಣು ನನ್ನ ಮೇಲೆ ಒಂದು ಕ್ಷಣ ನಿಂತಿತು. ನನ್ನ ಎರಡು ಕಾಲೂ ತಾವಾಗಿಯೇ ಬೆಂಚಿನ ಕೆಳಗೆ ಸೇರಿಕೊಂಡವು. ಆಗ ನನ್ನೊಳಗಿದ್ದದ್ದು ವಿನಯ ಅಲ್ಲವೇ ಅಲ್ಲ. ಒಡೆದ ಹಿಮ್ಮಡಿ ಯಾರಾದರೂ ನೋಡಿಯಾರು ಅನ್ನುವ ಮಾನದ ಭಯ. ಅಷ್ಟರಲ್ಲಿ ಹನ್ನೆರಡನೆಯವರು ಏದುಸಿರು ಬಿಡುತ್ತಾ ಬಂದರು, ಬದುಕಿದೆ.

ಫಾದರ್‌ಗೂ ವಯಸ್ಸಾಗಿತ್ತು. ಒಬ್ಬೊಬ್ಬರ ಮುಂದೆ ಮಂಡಿಯೂರಿ, ಏಳುವಾಗ ಕುರ್ಚಿಯ ಕೈ ಹಿಡಿದು ಏಳುತ್ತಿದ್ದರು. ಹುಡುಗನೊಬ್ಬ ಜಗ್ಗಿನಿಂದ ನೀರು ಬಿಡುತ್ತಿದ್ದ. ಅಂಕಲ್‌ರ ಬಲಗಾಲು. ಹವಾಯಿ ಚಪ್ಪಲಿಯ ಪಟ್ಟಿ ಇದ್ದ ಕಡೆ ಬೆಳ್ಳಗೆ 'ವಿ' ಆಕಾರದ ಗುರುತು, ಹೆಬ್ಬೆರಳಿನ ಉಗುರು ಅರ್ಧ ಸೀಳಿದ್ದು. ನೀರು ಬಿದ್ದಾಗ ಬೆರಳುಗಳು ಒಮ್ಮೆ ಮುದುಡಿದವು. ಫಾದರ್ ಒರೆಸಿ, ಬಗ್ಗಿ ಆ ಪಾದಕ್ಕೆ ಮುತ್ತಿಟ್ಟರು. ಐವತ್ತು ವರ್ಷ ಕೂಲಿಯಾಳುಗಳ ಮೇಲೆ ಕೂಗಾಡಿ ಕೆಲಸ ತೆಗೆಸಿದ ಮನುಷ್ಯ ಎಲ್ಲಿ ನೋಡಬೇಕೋ ಗೊತ್ತಾಗದೆ ಮೇಲೆ ಫ್ಯಾನ್ ನೋಡುತ್ತಾ ಕೂತಿದ್ದರು.

ಕಾಲು ತೊಳೆಯುವುದಕ್ಕಿಂತ ತೊಳೆಸಿಕೊಳ್ಳುವುದು ಕಷ್ಟ. ಪೇತ್ರನ ಕಥೆ ಸುವಾರ್ತೆಯಲ್ಲಿ ಉಳಿದಿರುವುದು ಇದಕ್ಕೇ ಇರಬೇಕು. ಕೊಡುವವನಿಗೆ ತಾನು ಕೊಟ್ಟೆ ಅನ್ನುವ ಸಣ್ಣ ಹೆಮ್ಮೆಯಾದರೂ ಉಳಿಯುತ್ತದೆ. ತೆಗೆದುಕೊಳ್ಳುವವನಿಗೆ ಅದೂ ಇಲ್ಲ.

ದೀನತೆ ಅಂದರೆ ದೈನ್ಯ ಅಲ್ಲ

ಕನ್ನಡ ಕ್ರೈಸ್ತರು ಬಳಸುವ 'ದೀನತೆ' ಹೊರಗಿನವರ ಕಿವಿಗೆ ಸ್ವಲ್ಪ ಮುಜುಗರದ ಪದ. ದೀನ ಅಂದ ತಕ್ಷಣ ಹಿಂದೆಯೇ ದರಿದ್ರ ಅನ್ನುವ ಪದ ಬಂದು ನಿಲ್ಲುತ್ತದೆ. ಹಲ್ಲುಗಿಂಜಿ ನಿಲ್ಲುವುದು, ಅಯ್ಯೋ ಪಾಪ ಅನಿಸಿಕೊಳ್ಳುವುದು, ಇದೆಲ್ಲ ನೆನಪಾಗುತ್ತದೆ. ಇದು ನಮ್ಮ ಕಿವಿಯ ತೊಂದರೆ ಮಾತ್ರ ಅಲ್ಲ. ಗ್ರೀಕ್‌ನಲ್ಲೂ ಇದಕ್ಕೆ ಬಳಸಿದ 'ತಪೈನೊಸ್' ಅನ್ನುವ ಪದಕ್ಕೆ ಕೆಳಗಿನವನು, ಗುಲಾಮಬುದ್ಧಿಯವನು ಅನ್ನುವ ಅರ್ಥವೇ ಇತ್ತು. ಮಾನ, ಹೆಸರು, ಪದವಿಗೆ ಜೀವ ಬಿಡುತ್ತಿದ್ದ ಆ ಸಮಾಜದಲ್ಲಿ ಅದು ಬೈಗುಳಕ್ಕೆ ಹತ್ತಿರ. ಅದನ್ನೇ ಎತ್ತಿ ಒಳ್ಳೆಯ ಗುಣದ ಸಾಲಿಗೆ ಸೇರಿಸಿದವರು ಮೊದಲ ಕಾಲದ ಕ್ರೈಸ್ತರು.

ಯಾಕೆ? ಮೊದಲ ಕಾಲದ ಪ್ರಚಾರಕ ಪೌಲ ಜೈಲಿನಿಂದ ಫಿಲಿಪ್ಪಿ ಊರಿನವರಿಗೆ ಬರೆದ ಪತ್ರದಲ್ಲಿ ಉತ್ತರವಿದೆ. ದೇವರ ಸ್ವರೂಪದಲ್ಲೇ ಇದ್ದ ಕ್ರಿಸ್ತ ಆ ಸ್ಥಾನಕ್ಕೆ ಅಂಟಿಕೊಂಡು ಕೂರದೆ, ತನ್ನನ್ನು ಬರಿದು ಮಾಡಿಕೊಂಡು, ದಾಸನ ರೂಪ ತೆಗೆದುಕೊಂಡು ಶಿಲುಬೆಯ ಸಾವಿನವರೆಗೆ ಇಳಿದ ಅನ್ನುವುದು ಅದರ ಸಾರ. ದೇವರೇ ಕೆಳಗಿಳಿದ ಮೇಲೆ ಕೆಳಗಿನ ಜಾಗ ಅವಮಾನದ ಜಾಗ ಆಗಿ ಉಳಿಯಲು ಸಾಧ್ಯವಿಲ್ಲ ಅನ್ನುವುದು ಕ್ರೈಸ್ತರ ತರ್ಕ. ಇಂಗ್ಲಿಷಿನ ಹ್ಯುಮಿಲಿಟಿ ಅನ್ನುವ ಪದದ ಬೇರು ಲ್ಯಾಟಿನ್‌ನ 'ಹ್ಯೂಮಸ್', ಅಂದರೆ ಮಣ್ಣು. ತೋಟದಲ್ಲಿ ಮರದ ನೆರಳಿಗೆ ತರಗೆಲೆ ಕೊಳೆತು ಕಪ್ಪಗೆ ಸೇರುವ ಮಣ್ಣಿಗೂ ಅದೇ ಹೆಸರಿದೆ. ಎಲ್ಲರೂ ತುಳಿಯುವುದು ಅದನ್ನೇ, ಕಾಫಿ ಗಿಡ ಬೇರಿಳಿಸುವುದೂ ಅದರಲ್ಲೇ.

ಹಾಗಂತ ದೀನತೆ ಅಂದರೆ 'ನಾನು ಯಾವುದಕ್ಕೂ ಲಾಯಕ್ಕಿಲ್ಲ' ಅಂತ ಜಪ ಮಾಡುವುದಲ್ಲ. ಟವೆಲ್ಲು ಕಟ್ಟುವ ಮೊದಲು ಯೇಸುವಿಗೆ ತಾನು ಯಾರು, ಎಲ್ಲಿಂದ ಬಂದೆ ಅನ್ನುವುದು ಚೆನ್ನಾಗಿ ಗೊತ್ತಿತ್ತು ಅಂತ ಯೋಹಾನ ಒತ್ತಿ ಹೇಳುತ್ತಾನೆ. ಕಾಲು ತೊಳೆದ ಮೇಲೂ 'ನನ್ನನ್ನು ಗುರು, ಒಡೆಯ ಅನ್ನುತ್ತೀರಿ, ಅದು ಸರಿಯೇ' ಅಂದ. ತನ್ನ ಸ್ಥಾನ ಗೊತ್ತಿದ್ದೂ ಬಗ್ಗುವುದು ಅದು.

ಇಲ್ಲಿ ನನ್ನದೊಂದು ಮಾತು. ಮೇಲಿರುವವರು ಕೆಳಗಿರುವವರಿಗೆ 'ದೀನರಾಗಿರಿ, ತಗ್ಗಿ ಬಗ್ಗಿ ನಡೆಯಿರಿ' ಅಂತ ಉಪದೇಶ ಮಾಡುವಾಗ ಈ ಪದ ತಲೆಕೆಳಗಾಗುತ್ತದೆ. ಎಲ್ಲ ಧರ್ಮಗಳಲ್ಲೂ ಹೀಗೆ ನಡೆದಿದೆ, ಚರ್ಚುಗಳಲ್ಲೂ ನಡೆದಿದೆ. ಕಥೆಯಲ್ಲಿ ಬಗ್ಗಿದವನು ಗುರು. ಎಸ್ಟೇಟ್ ಲೆಕ್ಕದಲ್ಲಿ ಹೇಳಬೇಕೆಂದರೆ, ಸಾಹುಕಾರರೇ ಕೂಲಿಯಾಳುಗಳ ಲೈನ್ ಮನೆಯ ಮುಂದೆ ಬೋಗುಣಿ ಹಿಡಿದು ಕೂತ ಹಾಗೆ.

ಪದ ಸುಲಭ, ಅಭ್ಯಾಸ ಕಷ್ಟ. ಕಾಲು ತೊಳೆಸಿಕೊಳ್ಳಲು ಕರೆದರೆ ಕೆಲವರು ತಪ್ಪಿಸಿಕೊಳ್ಳುತ್ತಾರಂತೆ, ಇನ್ನು ಕೆಲವರು ಈ ಸಲ ನನ್ನನ್ನು ಯಾಕೆ ಕರೆಯಲಿಲ್ಲ ಅಂತ ಮುನಿಸಿಕೊಳ್ಳುತ್ತಾರಂತೆ. ನಗಬೇಕಿಲ್ಲ. ಲೂಕನ ಪ್ರಕಾರ ಆ ಕೊನೆಯ ಊಟದಲ್ಲೇ ಶಿಷ್ಯರು ನಮ್ಮಲ್ಲಿ ಯಾರು ದೊಡ್ಡವರು ಅಂತ ಜಗಳಕ್ಕೆ ಬಿದ್ದಿದ್ದರು.

2013ರಲ್ಲಿ ಪೋಪ್ ಫ್ರಾನ್ಸಿಸ್ ಈ ವಿಧಿಯನ್ನು ದೊಡ್ಡ ದೇವಾಲಯದಿಂದ ರೋಮ್‌ನ ಬಾಲಾಪರಾಧಿಗಳ ಜೈಲಿಗೆ ಒಯ್ದರು. ಅಲ್ಲಿ ಕಾಲು ತೊಳೆಸಿಕೊಂಡ ಹನ್ನೆರಡು ಮಂದಿಯಲ್ಲಿ ಇಬ್ಬರು ಹುಡುಗಿಯರಿದ್ದರು, ಮುಸ್ಲಿಮರೂ ಇದ್ದರು. ಅಲ್ಲಿಯವರೆಗೆ ನಿಯಮದಲ್ಲಿ ಇದ್ದದ್ದು ಗಂಡಸರು ಮಾತ್ರ. 2016ರಲ್ಲಿ ನಿಯಮವನ್ನೇ ಬದಲಿಸಿದರು. ಈಗ ನಮ್ಮ ಕಡೆಯೂ ಕೆಲವು ಚರ್ಚುಗಳಲ್ಲಿ ಆ ಸಾಲಿನಲ್ಲಿ ಹೆಂಗಸರು ಕೂರುತ್ತಾರೆ.

ಕೈಚೆಲ್ಲುವುದು ಬೇರೆ, ಕೈಗೊಪ್ಪಿಸುವುದು ಬೇರೆ

ಮೂರನೆಯದು ಸಮರ್ಪಣೆ. ದೇವರ ಚಿತ್ತಕ್ಕೆ ತನ್ನನ್ನು ಒಪ್ಪಿಸುವುದು. ಕೇಳಿದ ತಕ್ಷಣ 'ಎಲ್ಲಾ ಹಣೆಬರಹ' ಅಂತ ಗೋಡೆಗೊರಗಿ ಕೂರುವುದು ಅನಿಸಬಹುದು. ಹಾಗಲ್ಲ.

ಊಟ ಮುಗಿಸಿ ಅದೇ ರಾತ್ರಿ ಯೇಸು ಹೋದದ್ದು ಗೆತ್ಸೆಮನೆ ಅನ್ನುವ ತೋಟಕ್ಕೆ. ಆ ಹೆಸರಿನ ಅರ್ಥ ಎಣ್ಣೆ ಗಾಣ. ಅಲ್ಲಿ ಅವನು ಶಾಂತವಾಗಿ ಕಣ್ಣುಮುಚ್ಚಿ ಕೂರಲಿಲ್ಲ. ನೆಲಕ್ಕೆ ಬಿದ್ದು, ಸಾಧ್ಯವಾದರೆ ಈ ಪಾತ್ರೆ ನನ್ನಿಂದ ದೂರ ಹೋಗಲಿ ಅಂತ ಮೂರು ಸಲ ಬೇಡಿಕೊಂಡ. ಕಷ್ಟ ಬೇಡ ಅಂತ ಬಾಯಿಬಿಟ್ಟು ಕೇಳಿದ. ಕೇಳಿದ ಮೇಲೆ, 'ಆದರೂ ನನ್ನ ಇಷ್ಟದಂತೆ ಬೇಡ, ನಿನ್ನ ಇಷ್ಟದಂತೆ ಆಗಲಿ' ಅಂದ. ಸಮರ್ಪಣೆ ಅಂದಾಗ ಕ್ರೈಸ್ತರ ಕಣ್ಣ ಮುಂದೆ ಬರುವುದು ಈ ರಾತ್ರಿ. ಅಲ್ಲಿ ಅಳುವಿದೆ, ಬೆವರಿದೆ, ವಾದವೂ ಇದೆ.

ಹಣೆಬರಹಕ್ಕೆ ಮುಖ ಇಲ್ಲ, ಅದರ ಜೊತೆ ಮಾತಾಡಲು ಬರುವುದಿಲ್ಲ. ಗೆತ್ಸೆಮನೆಯಲ್ಲಿ ಯೇಸು ದೇವರನ್ನು ಕರೆದ ಅರಮಾಯಿಕ್ ಪದವನ್ನು ಮಾರ್ಕ ತನ್ನ ಸುವಾರ್ತೆಯಲ್ಲಿ ಹಾಗೇ ಉಳಿಸಿದ್ದಾನೆ: 'ಅಬ್ಬಾ'. ಅಪ್ಪಾ ಅಂತಲೇ ಅರ್ಥ. ಕನ್ನಡದ ಪದಕ್ಕೂ ಅದಕ್ಕೂ ನೆಂಟಸ್ತಿಕೆ ಇಲ್ಲ, ಸದ್ದು ಕೂಡಿ ಬಂದದ್ದು ಅಷ್ಟೇ. ಆದರೂ ಕನ್ನಡದವರಿಗೆ ಇದನ್ನು ವಿವರಿಸುವ ಕೆಲಸ ತಪ್ಪಿತು. ಅಪ್ಪನ ಕೈಗೆ ಒಪ್ಪಿಸುವುದೇ ಬೇರೆ, ಸಾಕಾಗಿ ಕೈಚೆಲ್ಲುವುದೇ ಬೇರೆ.

ನೊಗದ ಹೋಲಿಕೆ ಇನ್ನೂ ಹತ್ತಿರದ್ದು. 'ನನ್ನ ನೊಗಕ್ಕೆ ಹೆಗಲು ಕೊಟ್ಟು ನನ್ನಿಂದ ಕಲಿಯಿರಿ, ನಾನು ಸಾತ್ವಿಕ, ದೀನ ಮನಸ್ಸಿನವನು' ಅನ್ನುವ ಮಾತು ಮತ್ತಾಯನ ಸುವಾರ್ತೆಯಲ್ಲಿದೆ. ಮೂರೂ ವಿಷಯ ಒಂದೇ ವಾಕ್ಯದಲ್ಲಿ ಬಂದವು ನೋಡಿ. ಹೊಸ ಹೋರಿಯನ್ನು ಪಳಗಿಸುವಾಗ ಒಂಟಿಯಾಗಿ ಹೂಡುವುದಿಲ್ಲ. ಅನುಭವ ಇರುವ ಎತ್ತಿನ ಜೊತೆ ಕಟ್ಟುತ್ತಾರೆ. ಸಾಲು ಹಿಡಿಯುವುದು, ತಿರುಗುವುದು, ನಿಲ್ಲುವುದು ಎಲ್ಲ ದೊಡ್ಡದರಿಂದ ಸಣ್ಣದಕ್ಕೆ ಬರುತ್ತದೆ. ಸಣ್ಣದು ಅಡ್ಡಾದಿಡ್ಡಿ ಎಳೆದಷ್ಟೂ ಅದರ ಹೆಗಲೇ ಕೆರೆಯುತ್ತದೆ. ಕೆಲಸ ನಿಂತಿಲ್ಲ, ಹೊಲ ಉಳುವುದು ಇದ್ದೇ ಇದೆ. ದಿಕ್ಕು ಮಾತ್ರ ಬೇರೆಯವರದು.

ಕೋತಿಮರಿಯೋ, ಬೆಕ್ಕಿನ ಮರಿಯೋ?

ಇಲ್ಲೊಂದು ಹಳೆಯ ಜಗಳವಿದೆ. ಒಪ್ಪಿಸಿಕೊಳ್ಳುವುದರಲ್ಲಿ ಮನುಷ್ಯನ ಪಾಲೆಷ್ಟು, ದೇವರ ಪಾಲೆಷ್ಟು? ಬೇಲೂರು, ಮೇಲುಕೋಟೆಯ ಶ್ರೀವೈಷ್ಣವರಿಗೆ ಈ ಪ್ರಶ್ನೆ ಮನೆಮಾತು. ಕೋತಿಮರಿ ತಾನೇ ತಾಯಿಯ ಹೊಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಬೆಕ್ಕಿನ ಮರಿ ಸುಮ್ನೆ ಇರುತ್ತದೆ, ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಶರಣಾಗತಿ ಯಾವುದರ ಹಾಗೆ ಅನ್ನುವುದರ ಮೇಲೆ ವಡಗಲೈ, ತೆಂಗಲೈ ಪಂಗಡಗಳ ಅಭಿಪ್ರಾಯ ಬೇರೆ.

ಕ್ರೈಸ್ತರಲ್ಲೂ ಇದರ ನೆರಳಿನಂಥದ್ದು 5ನೇ ಶತಮಾನದಿಂದ ಇದೆ. ಮನುಷ್ಯ ಮನಸ್ಸು ಮಾಡಿದರೆ ಒಳ್ಳೆಯ ದಾರಿ ಹಿಡಿಯಬಲ್ಲ ಅಂದವನು ಪೆಲಾಜಿಯಸ್. ದೇವರ ಕೃಪೆ ಮೊದಲು ಮುಟ್ಟದೆ ಆ ಮನಸ್ಸೇ ಬರುವುದಿಲ್ಲ ಅಂದವನು ಅಗಸ್ಟೀನ್. ಸಭೆ ಅಗಸ್ಟೀನನ ಕಡೆ ನಿಂತಿತು. ಆದರೂ ವಾದ ಮುಗಿಯಲಿಲ್ಲ, ಬೇರೆ ಬೇರೆ ಹೆಸರಿನಲ್ಲಿ ಇವತ್ತಿಗೂ ನಡೆಯುತ್ತಿದೆ. ಪೌಲ ಮಾತ್ರ ಅದೇ ಫಿಲಿಪ್ಪಿ ಪತ್ರದಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ಮುಂದೆ ಹೋಗಿದ್ದಾನೆ: ನಿಮ್ಮ ರಕ್ಷಣೆಗಾಗಿ ನೀವು ಶ್ರಮಪಡಿ, ಯಾಕೆಂದರೆ ನಿಮ್ಮೊಳಗೆ ಕೆಲಸ ಮಾಡುವವನು ದೇವರು. ಕೋತಿಯೋ ಬೆಕ್ಕೋ ಅಂತ ಅವನು ಬಿಡಿಸಿ ಹೇಳಲಿಲ್ಲ.

ಹೋಗಿ ನೋಡಬೇಕೆನಿಸಿದರೆ

ಕಥೋಲಿಕ ಚರ್ಚುಗಳಲ್ಲಿ ಈ ವಿಧಿ ಪವಿತ್ರ ಗುರುವಾರದ ಸಂಜೆಯ ಪೂಜೆಯೊಳಗೆ ಬರುತ್ತದೆ. ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಎಲ್ಲ ಕಡೆ ಇರುವುದಿಲ್ಲ. ಅವರಲ್ಲಿ ಆ ಸಂಜೆ, ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನದ ಆರಾಧನೆಗೆ ಒತ್ತು ಜಾಸ್ತಿ. ಈಸ್ಟರ್ ದಿನ ಚಂದ್ರನ ಲೆಕ್ಕದ್ದು, ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಯಾವಾಗ ಬೇಕಾದರೂ ಬರುತ್ತದೆ. ಹಾಗಾಗಿ ಮೊದಲೇ ವಿಚಾರಿಸಿ. ಯಾರು ಬೇಕಾದರೂ ಹೋಗಿ ಕೂರಬಹುದು. ಹಿಂದಿನ ಬೆಂಚು ಒಳ್ಳೆಯದು. ಅವರು ಎದ್ದಾಗ ಎದ್ದು, ಕೂತಾಗ ಕೂತರೆ ಸಾಕು. ಪರಮಪ್ರಸಾದ ಹಂಚುವಾಗ ಸಾಲಿಗೆ ಹೋಗಬೇಡಿ. ಅದು ಅದಕ್ಕೆ ಸಿದ್ಧರಾದ ಕಥೋಲಿಕರಿಗೆ ಮಾತ್ರ. ಪೂಜೆ ಮುಗಿದ ಮೇಲೆ ಗಂಟೆ ಬಾರಿಸುವುದಿಲ್ಲ, ಪೀಠದ ಮೇಲಿನ ಬಟ್ಟೆಗಳನ್ನು ತೆಗೆದುಬಿಡುತ್ತಾರೆ. ಜನ ಮಾತಿಲ್ಲದೆ ಹೊರಗೆ ಬರುತ್ತಾರೆ.

ನಾನು ಹೋದ ಸಂಜೆ ಹೊರಗೆ ಮಳೆ ಶುರುವಾಗಿತ್ತು. ಅಂಕಲ್ ಮೆಟ್ಟಿಲ ಮೇಲೆ ನಿಂತು ಚಪ್ಪಲಿ ಹುಡುಕುತ್ತಿದ್ದರು. ಕಣ್ಣಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಬಗ್ಗಿ ಹುಡುಕಿ, ಅವರ ಕಾಲ ಮುಂದೆ ತಂದಿಟ್ಟೆ. "ಅಯ್ಯೋ, ನೀವ್ಯಾಕೆ, ಬಿಡಿ ಬಿಡಿ" ಅಂತ ಕಾಲು ಹಿಂದಕ್ಕೆಳೆದುಕೊಂಡರು.